ಕಾಮನ ಹುಣ್ಣಿಮೆ: ಬಾಗಲಕೋಟೆ ಸೀಮೆಯ ಪ್ರಣಯಹಬ್ಬ

ಫಾಲ್ಗುಣ ಶುದ್ಧ ಹುಣ್ಣಿಮೆಯಂದು ಪ್ರೇಮದೇವತೆಯಾದ ಕಾಮನನ್ನು ಸುಟ್ಟು, ಮರುದಿನದಿಂದ ಬಣ್ಣವಾಡುವ ಹಬ್ಬವೇ ಕಾಮನ ಹುಣ್ಣಿಮೆ. ಹೋಳಿ ಹುಣ್ಣಿಮೆ, ಕಾಮಣ್ಣನ ಹಬ್ಬ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ, ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ ಎಂದು ಹುಣ್ಣಿಮೆಗಳ ಮೇಲೆ ವರ್ಷ ಎಣಿಸುವ ಉತ್ತರ ಕರ್ನಾಟಕದಲ್ಲಿ ಇದು ಸುಗ್ಗಿ ಮುಗಿಯುವ ಹೊತ್ತಿನ ಹಬ್ಬ. ಎರೆಹೊಲದ ಬಿಳಿಜೋಳ, ಕಡಲೆ, ಕುಸುಬೆ ಮನೆ ಸೇರುತ್ತಿರುತ್ತವೆ. ಕೈಯಲ್ಲಿ ಒಂದಿಷ್ಟು ಕಾಸಿರುತ್ತದೆ, ಮುಂದೆ ಮದುವೆಗಳ ಕಾಲ. ಕರ್ನಾಟಕದಲ್ಲಿ ಈ ಹಬ್ಬ ಅತ್ಯಂತ ಅಬ್ಬರದಿಂದ ನಡೆಯುವ ಊರು ಬಾಗಲಕೋಟೆ. ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇದಕ್ಕೆ ತನ್ನದೇ ಆದ ರೂಪಗಳಿವೆ.

ಹಬ್ಬದ ಹಿಂದಿರುವ ಕಥೆ ಪ್ರಸಿದ್ಧವಾದದ್ದು. ತಾರಕಾಸುರನನ್ನು ಕೊಲ್ಲಲು ಶಿವನಿಗೆ ಮಗ ಹುಟ್ಟಬೇಕು, ಶಿವನೋ ತಪಸ್ಸಿನಲ್ಲಿ ಮುಳುಗಿದ್ದಾನೆ. ದೇವತೆಗಳ ಮಾತಿಗೆ ಕಟ್ಟುಬಿದ್ದು ಹೂಬಾಣ ಹೂಡಿದ ಕಾಮ ಹಣೆಗಣ್ಣಿನ ಉರಿಗೆ ಬೂದಿಯಾಗುತ್ತಾನೆ. ರತಿಯ ಗೋಳಿಗೆ ಕರಗಿದ ಶಿವ ಅವನಿಗೆ ಜೀವವನ್ನು ಮರಳಿಸುತ್ತಾನೆ, ಶರೀರವನ್ನು ಮಾತ್ರ ಕೊಡುವುದಿಲ್ಲ. ಉತ್ತರ ಭಾರತದಲ್ಲಿ ಇದೇ ರಾತ್ರಿ ಸುಡುವುದು ಪ್ರಹ್ಲಾದನ ಸೋದರತ್ತೆ ಹೋಳಿಕೆಯನ್ನು. ಅಲ್ಲಿ ದುಷ್ಟಶಕ್ತಿ ಸುಟ್ಟುಹೋಯಿತೆಂಬ ಸಂತೋಷವಿದ್ದರೆ ಇಲ್ಲಿ ಸುಡಲ್ಪಡುವವನು ತಪ್ಪು ಮಾಡಿದವನಲ್ಲ, ಪರರ ಕಾರ್ಯಕ್ಕೆ ಹೋಗಿ ಸತ್ತವನು. ಜನ ಅವನನ್ನು ಕಾಮಣ್ಣನೆಂದು ಮನೆಯ ಹಿರಿಮಗನಂತೆ ಕರೆದು, ಸುಟ್ಟು, ಅವನಿಗಾಗಿ ಬಾಯಿ ಬಡಿದುಕೊಳ್ಳುತ್ತಾರೆ. ಹಬ್ಬದ ಗದ್ದಲಕ್ಕೂ ಅಶ್ಲೀಲ ಮಾತಿಗೂ ಭವಿಷ್ಯೋತ್ತರ ಪುರಾಣದ ಇನ್ನೊಂದು ಕಥೆ ಕಾರಣ ಒದಗಿಸುತ್ತದೆ. ಮಕ್ಕಳನ್ನು ಕಾಡುವ ಢುಂಢಾ ಎಂಬ ರಾಕ್ಷಸಿಯನ್ನು ಬೆಂಕಿ ಹಾಕಿ, ಕೂಗಿ, ಬಾಯಿಗೆ ಬಂದಂತೆ ಬೈದು ಓಡಿಸಬೇಕೆಂಬುದು ಅದರ ಸಾರ. ಈ ಎರಡು ಬೇರೆ ಬೇರೆ ಆಚರಣೆಗಳು ಒಂದೇ ರಾತ್ರಿಯಲ್ಲಿ ಬೆರೆತಿರುವಂತೆ ತೋರುತ್ತದೆ.

ಬಣ್ಣದಾಟದ ಬೇರು ಇರುವುದು ಹಳೆಯ ವಸಂತೋತ್ಸವದಲ್ಲಿ. ವಾತ್ಸ್ಯಾಯನನ ಕಾಮಸೂತ್ರ ನಾಗರಿಕರ ವಿನೋದಗಳನ್ನು ಹೇಳುವಾಗ ಸುವಸಂತಕವನ್ನೂ ಬಿದಿರ ಕೊಳವೆಯಿಂದ ನೀರೆರಚುವ ಆಟವನ್ನೂ ಹೆಸರಿಸುತ್ತದೆ. ಮೀಮಾಂಸಾಸೂತ್ರಗಳ ಭಾಷ್ಯಕಾರನಾದ ಶಬರ ಹೋಲಾಕವನ್ನು ಪೂರ್ವದೇಶದವರ ಆಚಾರವೆಂದು ಉದಾಹರಿಸುತ್ತಾನೆ. ಮದನೋತ್ಸವದ ತುಂಬುಚಿತ್ರ ಸಿಗುವುದು ಏಳನೆಯ ಶತಮಾನದ ರತ್ನಾವಳೀ ನಾಟಕದ ಮೊದಲ ಅಂಕದಲ್ಲಿ. ಕೌಶಾಂಬಿಯ ಬೀದಿಗಳಲ್ಲಿ ಬಣ್ಣದ ಹುಡಿ ಮೋಡಗಟ್ಟಿದೆ, ಪಿಚಕಾರಿ ಹಿಡಿದ ಹೆಣ್ಣು ಗಂಡುಗಳು ಕುಣಿಯುತ್ತಿದ್ದಾರೆ, ರಾಣಿ ವಾಸವದತ್ತೆ ಅಶೋಕಮರದ ಕೆಳಗೆ ಕಾಮನನ್ನು ಪೂಜಿಸುತ್ತಾಳೆ. ಮರೆಯಲ್ಲಿ ನಿಂತ ಸಾಗರಿಕೆ ರಾಜ ಉದಯನನನ್ನು ಕಂಡು ಕಾಮನೇ ಮೈದಳೆದು ಬಂದನೆಂದು ಭ್ರಮಿಸಿ ಪ್ರೇಮದಲ್ಲಿ ಬೀಳುತ್ತಾಳೆ. ಇಲ್ಲಿ ಕಾಮ ಪೂಜೆಗೊಳ್ಳುವ ದೇವರು, ಸುಡುವ ಮಾತೇ ಇಲ್ಲ.

ಈ ನಾಟಕದ ಕರ್ತೃ ಕನೌಜಿನ ಹರ್ಷವರ್ಧನ. ಅವನನ್ನು ನರ್ಮದೆಯ ತೀರದಲ್ಲಿ ತಡೆದವನು ಬಾದಾಮಿಯ ಇಮ್ಮಡಿ ಪುಲಕೇಶಿ. ಆ ಗೆಲುವನ್ನು ಹಾಡುವ ರವಿಕೀರ್ತಿಯ ಪ್ರಶಸ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲಿದೆ. ಕ್ರಿ.ಶ. 634ರ ಈ ಶಾಸನದಲ್ಲಿ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಗೆ ಸರಿಗಟ್ಟಿಕೊಂಡಿದ್ದಾನೆ. ಕಾಳಿದಾಸನ ಹೆಸರನ್ನು ಹೇಳುವ, ಕಾಲ ಖಚಿತವಾಗಿರುವ ಅತಿ ಹಳೆಯ ದಾಖಲೆಗಳಲ್ಲಿ ಇದು ಒಂದು. ಕಾಮದಹನವನ್ನೂ ರತಿಯ ವಿಲಾಪವನ್ನೂ ಸಂಸ್ಕೃತ ಕಾವ್ಯದಲ್ಲಿ ನೆಲೆಗೊಳಿಸಿದ್ದು ಅದೇ ಕಾಳಿದಾಸನ ಕುಮಾರಸಂಭವ. ಹೀಗೆ ಈ ಹಬ್ಬದ ಎರಡು ಮುಖಗಳನ್ನು ಬರೆದ ಇಬ್ಬರೂ ಮಲಪ್ರಭೆಯ ದಂಡೆಯ ಈ ಕಲ್ಲಿನಲ್ಲಿ ನೆನಪಾಗಿ ಉಳಿದಿದ್ದಾರೆ, ಒಬ್ಬ ಸೋತ ಅರಸನಾಗಿ, ಇನ್ನೊಬ್ಬ ಕವಿಕೀರ್ತಿಯ ಅಳತೆಗೋಲಾಗಿ. ಇದರಿಂದ ಚಾಲುಕ್ಯರ ರಾಜಧಾನಿಯಲ್ಲಿ ಮದನೋತ್ಸವ ನಡೆಯುತ್ತಿತ್ತೆಂದು ತೀರ್ಮಾನಿಸುವಂತಿಲ್ಲ. ಆ ಕಾವ್ಯಲೋಕದ ಪರಿಚಯ ಇಲ್ಲಿ ಚೆನ್ನಾಗಿತ್ತೆಂಬುದು ಮಾತ್ರ ನಿಶ್ಚಯ.

ಶಿಲ್ಪದಲ್ಲಿ ಪ್ರಣಯಕ್ಕೆ ಸಂಕೋಚವಿರಲಿಲ್ಲ. ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ, ಕ್ರಿ.ಶ. 578ರಲ್ಲಿ ಪೂರ್ಣಗೊಂಡ ಬಾದಾಮಿಯ ಮೂರನೆಯ ಗುಹೆಯ ಮೊಗಸಾಲೆಯಲ್ಲಿ ಕಂಬದ ಬೋದಿಗೆಗಳನ್ನು ಹೊತ್ತಂತೆ ನಿಂತಿರುವುದು ಪ್ರಣಯಿಗಳ ಜೋಡಿಗಳು. ಮರದ ನೆರಳಿನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟವರು, ಮುನಿದವಳನ್ನು ರಮಿಸುವವನು, ಸೋತು ಒರಗಿದವಳನ್ನು ಹಿಡಿದವನು ಎಂದು ಒಂದೊಂದು ಜೋಡಿಯದೂ ಒಂದೊಂದು ಭಂಗಿ. ಐಹೊಳೆಯ ಲಾಡಖಾನ್ ಮತ್ತು ದುರ್ಗದ ಗುಡಿಗಳ ಮುಖಮಂಟಪದ ಕಂಬಗಳಲ್ಲಿಯೂ ಪಟ್ಟದಕಲ್ಲಿನಲ್ಲಿಯೂ ಇಂಥ ಮಿಥುನಗಳಿವೆ. ಇವು ದೇವಾಲಯದ ಬಾಗಿಲಿಗೆ ಮಂಗಳಕರವೆಂದು ಶಿಲ್ಪಶಾಸ್ತ್ರದ ನಂಬಿಕೆ. ಆದರೂ ಮೂರನೆಯ ಗುಹೆಯ ಜೋಡಿಗಳನ್ನು ಬರೀ ಮಂಗಳಚಿಹ್ನೆಗಳೆಂದು ನೋಡಿ ಮುಂದೆ ಸಾಗುವುದು ಕಷ್ಟ. ಅವುಗಳನ್ನು ಕೆತ್ತಿದವನು ಜನರನ್ನು ಹತ್ತಿರದಿಂದ ಕಂಡವನು.

ಕನ್ನಡ ಕಾವ್ಯ ಕಾಮನ ವಿಷಯದಲ್ಲಿ ಎರಡು ಪಕ್ಷವಾಗಿದೆ. ಹರಿಹರನ ಗಿರಿಜಾಕಲ್ಯಾಣದಲ್ಲಿ ಕಾಮ ಸುಟ್ಟು ಬೂದಿಯಾಗುತ್ತಾನೆ, ರತಿ ಎದೆ ಬಿರಿಯುವಂತೆ ಅಳುತ್ತಾಳೆ. ಹದಿಮೂರನೆಯ ಶತಮಾನದ ಆಂಡಯ್ಯ ತನ್ನ ಕಬ್ಬಿಗರ ಕಾವದಲ್ಲಿ ಇದನ್ನು ತಲೆಕೆಳಗು ಮಾಡಿದ. ಅವನಲ್ಲಿ ಚಂದ್ರನಿಗಾಗಿ ಶಿವನ ಮೇಲೆ ದಂಡೆತ್ತಿ ಹೋಗುವ ಕಾಮನದೇ ಮೇಲುಗೈ. ಕಾವನ ಗೆಲ್ಲ ಎಂಬ ಇನ್ನೊಂದು ಹೆಸರೂ ಆ ಕೃತಿಗಿರುವುದು ಅದಕ್ಕೇ. ಹುನಗುಂದದ ನೆರೆಯ ಕೂಡಲಸಂಗಮದೊಡನೆ ಬೆಸೆದುಕೊಂಡ ವಚನ ಪರಂಪರೆಯಲ್ಲಿ ಪ್ರಣಯದ ನುಡಿ ಬೇರೊಂದು ದಾರಿ ಹಿಡಿಯಿತು. ಶರಣನೇ ಸತಿ, ಲಿಂಗವೇ ಪತಿಯಾದ ಮೇಲೆ ಹೂಬಾಣದ ದೇವರಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ವಿಜಯನಗರ ಕಾಲಕ್ಕೆ ಬಣ್ಣದಾಟ ಅರಮನೆಯಲ್ಲಿಯೂ ಬೀದಿಯಲ್ಲಿಯೂ ಇತ್ತು. 1420ರ ಸುಮಾರಿಗೆ ಬಂದಿದ್ದ ಇಟಲಿಯ ನಿಕೊಲೊ ಕೊಂತಿ ಮೂರು ದಿನ ದಾರಿಹೋಕರ ಮೇಲೆ, ರಾಜ ರಾಣಿಯರ ಮೇಲೂ ಕೇಸರಿನೀರು ಎರಚುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಚಾವಣಿಯಲ್ಲಿ ಶಿವನತ್ತ ಬಾಣ ಹೂಡಿದ ಮನ್ಮಥನ ವರ್ಣಚಿತ್ರ ಇಂದಿಗೂ ಇದೆ.

ಹಳ್ಳಿಗಳಲ್ಲಿ ಹಬ್ಬದ ತಯಾರಿ ಮಕ್ಕಳದು. ಹುಣ್ಣಿಮೆಗೆ ಹತ್ತಾರು ದಿನ ಮುಂಚೆಯೇ ಹಲಗಿಯ ಸದ್ದು ಏಳುತ್ತದೆ. ರಾತ್ರಿಯ ಹೊತ್ತು ಹುಡುಗರು ಬಣವೆ, ಹಿತ್ತಲುಗಳಿಗೆ ನುಗ್ಗಿ ಕುಳ್ಳು, ಕಟ್ಟಿಗೆ, ಮುರಿದ ನೊಗ, ಹಳೆಯ ಬಾಗಿಲು ಮುಂತಾಗಿ ಸಿಕ್ಕಿದ್ದನ್ನು ಎತ್ತಿಕೊಂಡು ಬಂದು ಕಾಮನಕಟ್ಟಿಯಲ್ಲಿ ಒಟ್ಟುತ್ತಾರೆ. ಕಾಮನಿಗಾಗಿ ಕದ್ದದ್ದು ಕಳವಲ್ಲ ಎಂಬುದು ಊರಿನ ಒಪ್ಪಂದ, ಕಳೆದುಕೊಂಡವನು ಮರುದಿನ ಬೈದು ಸುಮ್ಮನಾಗಬೇಕು. ಕೆಲವೆಡೆ ಹುಲ್ಲಿನ, ಕೆಲವೆಡೆ ಮಣ್ಣಿನ ಅಥವಾ ಕಟ್ಟಿಗೆಯ ಕಾಮ ರತಿಯರನ್ನು ಮಾಡಿ ಕೂಡ್ರಿಸುತ್ತಾರೆ. ಹುಣ್ಣಿಮೆಯ ದಿನ ಮನೆಯಲ್ಲಿ ಹೋಳಿಗೆ ಮಾಡಿ ಎಡೆ ತಂದು ಕಾಮನಿಗೆ ಒಪ್ಪಿಸುತ್ತಾರೆ. ಬೆಂಕಿ ಹೊತ್ತಿದ ಮೇಲೆ ಹಸಿ ಕಡಲೆಗಿಡವನ್ನು ಅದರಲ್ಲಿ ಸುಟ್ಟು ತಿನ್ನುವುದು, ಕೆಂಡವನ್ನು ಮನೆಗೊಯ್ದು ಒಲೆ ಹೊತ್ತಿಸುವುದು, ಬೂದಿಯನ್ನು ಹಣೆಗಿಟ್ಟುಕೊಳ್ಳುವುದು ವಾಡಿಕೆ. ಗ್ಯಾಸ್ ಒಲೆ ಬಂದ ಮೇಲೆ ಕೆಂಡ ಒಯ್ಯುವವರು ತೀರ ಕಡಿಮೆ. ಕಡಲೆ ಸುಡುವುದು ಮಾತ್ರ ಹೊಲ ಹತ್ತಿರವಿರುವ ಊರುಗಳಲ್ಲಿ ಉಳಿದಿದೆ.

ಬಾಗಲಕೋಟೆ ಪಟ್ಟಣದಲ್ಲಿ ಇದೆಲ್ಲವೂ ಹಲವು ದಿನಗಳ ಸಾರ್ವಜನಿಕ ಉತ್ಸವವಾಗಿ ಬೆಳೆದಿದೆ. ಕಲ್ಕತ್ತೆಯನ್ನು ಬಿಟ್ಟರೆ ನಮ್ಮೂರದೇ ದೊಡ್ಡ ಹೋಳಿ ಎಂಬುದು ಊರವರ ಹೆಮ್ಮೆಯ ಮಾತು. ಅಳೆದು ನೋಡಿದವರಿಲ್ಲದಿದ್ದರೂ ಆ ಹೆಮ್ಮೆಯೂ ಹಬ್ಬದ ಭಾಗವೇ ಆಗಿಬಿಟ್ಟಿದೆ. ಹಳೆಯ ಊರಿನ ಐದು ಪೇಟೆಗಳು ಇದರ ಆಧಾರ: ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಒಂದೊಂದಕ್ಕೂ ಅದರದೇ ಕಾಮ, ಅದರದೇ ಹಲಗಿ ಮೇಳ, ಅದರದೇ ಬಂಡಿ. ಮೊದಲು ಹೊತ್ತುವುದು ಕಿಲ್ಲಾ ಓಣಿಯ ಕಾಮ, ಅದಕ್ಕೆ ಬೆಂಕಿ ಬರುವುದು ದಲಿತ ಮನೆತನದಿಂದ. ಊರ ಹೊರಗೆ ಇರಿಸಿದವರ ಮನೆಯ ಕಿಚ್ಚಿಲ್ಲದೆ ಊರೊಳಗಿನ ಹಬ್ಬ ಶುರುವಾಗದೆಂಬ ಈ ಕ್ರಮ ದಖ್ಖನಿನ ಇನ್ನೂ ಹಲವು ಊರುಗಳಲ್ಲಿದೆ. ವರ್ಷವಿಡೀ ಇಲ್ಲದ ಮರ್ಯಾದೆ ಒಂದು ರಾತ್ರಿಗೆ ಸಲ್ಲುತ್ತದೆಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಹಲಗಿಯ ವಿಷಯದಲ್ಲಿಯೂ ಇಂಥದೇ ಅದಲುಬದಲು ಇದೆ. ಚೌಕಟ್ಟಿಗೆ ತೊಗಲು ಬಿಗಿದ ಈ ಬಡಿವಾದ್ಯ ಮಾದಿಗ, ಹೊಲೆಯ ಸಮುದಾಯಗಳ ಕಸುಬಿನೊಡನೆ ಬೆಸೆದದ್ದು. ಬೇರೆ ದಿನಗಳಲ್ಲಿ ಅದನ್ನು ಮುಟ್ಟದ ಜಾತಿಯವರೂ ಹೋಳಿಯಲ್ಲಿ ಅದನ್ನು ಹೆಗಲಿಗೇರಿಸಿ ಬಡಿಯುತ್ತಾರೆ. ಹಬ್ಬಕ್ಕೆ ಮೊದಲು ಮಾರುಕಟ್ಟೆಯಲ್ಲಿ ಹಲಗಿ ಕೊಳ್ಳುವ ಗದ್ದಲ, ರಾತ್ರಿ ಬೆಂಕಿಗೆ ಹಿಡಿದು ತೊಗಲು ಕಾಯಿಸುವ ದೃಶ್ಯ ಇಲ್ಲಿ ಸಾಮಾನ್ಯ. ಈಚೆಗೆ ಕಾಯಿಸುವ ಗೊಡವೆಯಿಲ್ಲದ ಫೈಬರ್ ಹಲಗಿಗಳೂ ಬಂದಿವೆ. ಅವುಗಳ ಸದ್ದು ಜೋರು, ದನಿ ಒಣಕಲು. ನಿಶಾನೆ ಹಿಡಿದು ತುರಾಯಿ ಹಲಗಿಯೊಂದಿಗೆ ಹೊರಡುವ ಮೆರವಣಿಗೆ, ಪುರಾಣಪಾತ್ರಗಳ ವೇಷ ಹಾಕಿದವರನ್ನು ಹೊತ್ತು ಸಾಗುವ ಸೋಗಿನ ಬಂಡಿ, ಕೊನೆಗೆ ಬಣ್ಣದ ಬಂಡಿ ಹೀಗೆ ಒಂದಾದ ಮೇಲೊಂದು ಬರುತ್ತವೆ. ಎತ್ತಿನ ಬಂಡಿಗಳ ಮೇಲೆ ಬಣ್ಣದ ನೀರು ತುಂಬಿದ ಹಂಡೆ, ಬ್ಯಾರಲ್ಲುಗಳನ್ನಿಟ್ಟು, ಎದುರಾದ ಬಂಡಿಯವರ ಮೇಲೂ ಮಾಳಿಗೆಯ ಮೇಲೆ ನಿಂತವರ ಮೇಲೂ ಎರಚುತ್ತಾ ಸಾಗುವುದು ಮೂಲ ಕ್ರಮ. ಈಗ ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್, ಲಾರಿಗಳಿವೆ. ಬಂಡಿಯ ದಿನಗಳು ಪೇಟೆಗಳ ನಡುವೆ ಹಂಚಿಕೆಯಾಗಿರುತ್ತವೆ, ಆ ದಿನಗಳಲ್ಲಿ ಊರಿನ ಅಂಗಡಿಗಳು ಮುಚ್ಚಿರುತ್ತವೆ.

ಆಲಮಟ್ಟಿ ಜಲಾಶಯದ ಹಿನ್ನೀರು ಈ ಹಬ್ಬದ ನೆಲವನ್ನೇ ಬದಲಿಸಿತು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು 519.60 ಮೀಟರ್ ಮಟ್ಟಕ್ಕೆ ನಿಲ್ಲಿಸಿದಾಗ ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿತು. ಅಲ್ಲಿಯವರಿಗೆ ಕಟ್ಟಿದ ನವನಗರದಲ್ಲಿ ಸೆಕ್ಟರುಗಳಿವೆ, ಅಗಲ ರಸ್ತೆಗಳಿವೆ, ಎದುರುಬದುರು ಮಾಳಿಗೆಗಳ ಇಕ್ಕಟ್ಟು ಓಣಿಗಳಿಲ್ಲ. ಬಂಡಿಯಿಂದ ಎರಚಿದ ಬಣ್ಣ ಎರಡೂ ಬದಿಯ ಗೋಡೆಗೆ ತಾಗುವಷ್ಟು ಕಿರಿದಾದ ಬೀದಿ ಇದ್ದರೇ ಈ ಆಟಕ್ಕೆ ಸೊಗಸು. ಹೀಗಾಗಿ ನವನಗರಕ್ಕೆ ಹೋದವರೂ ಹಬ್ಬಕ್ಕೆ ಉಳಿದಿರುವ ಹಳೆಯ ಪೇಟೆಗಳಿಗೇ ಬರುತ್ತಾರೆ. ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಜಾರಿಯಾದರೆ ಇನ್ನಷ್ಟು ಓಣಿಗಳು ತೆರವಾಗಬೇಕಾಗುತ್ತದೆ.

ಸುತ್ತಲ ಜಿಲ್ಲೆಗಳಲ್ಲಿ ಕಾಮನಿಗೆ ಬೇರೆ ಬೇರೆ ಪಾತ್ರಗಳಿವೆ. ನವಲಗುಂದದ ರಾಮಲಿಂಗ ಕಾಮಣ್ಣ ಹರಕೆಯ ದೇವರು. ಮದುವೆ, ಮಕ್ಕಳು, ನೌಕರಿ, ಮನೆಗಾಗಿ ಬೇಡಿಕೊಳ್ಳಲು ದೂರದಿಂದ ಜನ ಬರುತ್ತಾರೆ. ರಾಣೆಬೆನ್ನೂರಿನಲ್ಲಿ ಜೀವಂತ ರತಿ ಮನ್ಮಥರಾಗಿ ಇಬ್ಬರನ್ನು ಕೂಡ್ರಿಸಿ ಅವರನ್ನು ನಗಿಸಿದವರಿಗೆ ಬಹುಮಾನ ಕೊಡುವ ಪದ್ಧತಿ ಇದೆ.

ಪ್ರಣಯದ ಮಾತುಕತೆ ನಿಜವಾಗಿ ನಡೆಯುವುದು ಹಾಡಿನಲ್ಲಿ. ಹೋಳಿಯ ರಾತ್ರಿಗಳ ಲಾವಣಿ, ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿ ಎಂದು ಎರಡು ಪಂಗಡ. ಹರದೇಶಿಯವರು ಗಂಡಿನ ಹಿರಿಮೆಯನ್ನು ಹಾಡಿದರೆ ನಾಗೇಶಿಯವರು ಹೆಣ್ಣಿನ ಹಿರಿಮೆಯನ್ನು ಎತ್ತಿಹಿಡಿಯುತ್ತಾರೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ಆರಂಭವಾದ ವಾದ ಸಂಸಾರದ ಜಗಳಕ್ಕೆ ಇಳಿದು, ದಪ್ಪು ತುಂತುಣಿಗಳ ಜೊತೆ ಬೆಳಗಿನವರೆಗೂ ಎಳೆಯುತ್ತದೆ. ಕಲಗಿ ತುರಾ ಎಂಬ ಲಾವಣಿ ಸಂಪ್ರದಾಯಗಳಲ್ಲಿಯೂ ಇದೇ ವಿಂಗಡಣೆ, ಕಲಗಿ ಶಕ್ತಿಯ ಪಕ್ಷ, ತುರಾ ಶಿವನ ಪಕ್ಷ. ಇವುಗಳ ಪಕ್ಕದಲ್ಲಿ ಹೋಳಿಯ ಪೋಲಿಹಾಡುಗಳೂ ಇದ್ದವು. ಭಾವ ನಾದಿನಿ, ಅತ್ತಿಗೆ ಮೈದುನರ ಸಲಿಗೆಯ ಸಂಬಂಧಗಳನ್ನೇ ಹಿಡಿದು ಹೆಣೆದ ಇವನ್ನು ಸಂಗ್ರಹಕಾರರು ಅಚ್ಚು ಹಾಕಲು ಹಿಂಜರಿದರು, ಧ್ವನಿವರ್ಧಕಗಳ ಸಿನಿಮಾ ಹಾಡುಗಳು ಉಳಿದದ್ದನ್ನು ನುಂಗಿದವು. ಕಳೆದುಹೋದವುಗಳಲ್ಲಿ ಒಳ್ಳೆಯ ಹಾಡುಗಳೂ ಇದ್ದಿರಲೇಬೇಕು.

ಪ್ರೇಮದೇವತೆಯ ಹಬ್ಬದಲ್ಲಿ ಹೆಣ್ಣಿನ ಪಾಲು ಬಹುಕಾಲ ಚಿಕ್ಕದಾಗಿತ್ತು. ಕಾಮನನ್ನು ಸುಡುವವರು, ಅಳುವವರು, ಬೀದಿಯಲ್ಲಿ ಬಣ್ಣವಾಡುವವರು ಎಲ್ಲರೂ ಗಂಡಸರೇ. ಹೆಂಗಸರು ಎಡೆ ತರುತ್ತಿದ್ದರು, ಮಾಳಿಗೆಯ ಮೇಲಿಂದ ನೋಡುತ್ತಿದ್ದರು, ತಮ್ಮ ಓಣಿಯೊಳಗೆ ತಮ್ಮಷ್ಟಕ್ಕೆ ಆಡುತ್ತಿದ್ದರು. ಗಂಡು ಹೆಣ್ಣು ಎದುರುಬದುರಾಗಿ ಆಡುತ್ತಿದ್ದ ಆಟ ಇನ್ನೊಂದಿತ್ತು, ಅದು ಯುಗಾದಿಯ ನಂತರದ ಓಕಳಿ. ಹನುಮಂತದೇವರ ಗುಡಿಯ ಮುಂದಿನ ಹೊಂಡಕ್ಕೆ ನೀರು ತುಂಬಿ, ಗಂಡಸರು ನೀರೆರಚುವುದು, ಹೆಂಗಸರು ಕೋಲಿನಿಂದಲೋ ಹುರಿಗೊಳಿಸಿದ ಬಟ್ಟೆಯಿಂದಲೋ ತಿರುಗಿ ಬಾರಿಸುವುದು ಈ ಆಟದ ಬಗೆ. ನೋಡುವವರಿಗೆ ಇದು ಸರಸವಾಗಿ ಕಂಡರೂ ಹಲವು ಊರುಗಳಲ್ಲಿ ಹೊಂಡದ ಬಳಿ ನಿಲ್ಲಬೇಕಾಗಿದ್ದವರು ದಲಿತ ಕೇರಿಯ ದೇವದಾಸಿಯರು. ಹೊಡೆಯುವ ಹಕ್ಕು ಅವರಿಗಿದ್ದದ್ದು ಆ ಒಂದು ಗಳಿಗೆಗೆ ಮಾತ್ರ, ಬಾರದಿರುವ ಹಕ್ಕು ಇರಲಿಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ರಾಜ್ಯದ 1982ರ ಕಾನೂನು, ದಲಿತ ಸಂಘಟನೆಗಳ ವಿರೋಧ, ಮಾಜಿ ದೇವದಾಸಿಯರ ಸ್ವಂತ ಹೋರಾಟ ಇವುಗಳಿಂದ ಆ ರೂಪದ ಓಕಳಿ ಹಿಂದೆ ಸರಿಯಿತು. ಈಗ ಹಲವೆಡೆ ಹೊಂಡದಲ್ಲಿ ಆಡುವವರು ಊರ ಹುಡುಗರಷ್ಟೇ. ಪಟ್ಟಣಗಳ ಹೋಳಿಯಲ್ಲಾದರೆ ಕಾಲೇಜು ಹುಡುಗಿಯರು, ಗೃಹಿಣಿಯರು ಬೀದಿಗಿಳಿದು ಬಣ್ಣವಾಡುತ್ತಾರೆ. ಹಬ್ಬದ ಇತ್ತೀಚಿನ ಬದಲಾವಣೆಗಳಲ್ಲಿ ಇದೇ ದೊಡ್ಡದು.

ಉಳಿದ ಬದಲಾವಣೆಗಳು ವಸ್ತುಗಳವು. ಮುತ್ತುಗದ ಹೂ ಕುದಿಸಿ ತೆಗೆಯುತ್ತಿದ್ದ ಕೇಸರಿ ಬಣ್ಣದ ಜಾಗಕ್ಕೆ ರಾಸಾಯನಿಕ ಪುಡಿ ಬಂತು, ಅದರ ಹಿಂದೆ ಚರ್ಮ, ಕಣ್ಣಿನ ತೊಂದರೆಗಳು ಬಂದವು. ಬರಗಾಲದ ವರ್ಷಗಳಲ್ಲಿ ನೀರಿಲ್ಲದ ಹೋಳಿಯ ಮಾತು ಏಳುತ್ತದೆ. ಮಾರ್ಚ್ ತಿಂಗಳು ಪರೀಕ್ಷೆಯ ಕಾಲವಾದ್ದರಿಂದ ಹಲಗಿಗೂ ಡಿಜೆಗೂ ಪೊಲೀಸರು ಸಮಯದ ಮಿತಿ ಹಾಕುತ್ತಾರೆ. ಹಬ್ಬಗಳ ಜೊತೆ ಬರುವ ಕುಡಿತದ ವಿರುದ್ಧ ಈ ಭಾಗದಲ್ಲಿ ಎದ್ದ ಗಟ್ಟಿ ದನಿ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಮಹಾಂತ ಸ್ವಾಮೀಜಿಯವರದು. ಜೋಳಿಗೆ ಹಿಡಿದು ಊರೂರು ತಿರುಗಿ ಕಾಸಿನ ಬದಲು ದುಶ್ಚಟಗಳನ್ನು ಭಿಕ್ಷೆ ಬೇಡಿದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬಾಗಲಕೋಟೆಯ ಹೊರಗೆ ಕೆಲವು ಊರುಗಳಲ್ಲಿ ಬಣ್ಣ ಹುಣ್ಣಿಮೆಯ ಮರುದಿನವೇ ಮುಗಿಯುತ್ತದೆ, ಕೆಲವೆಡೆ ಐದನೆಯ ದಿನದ ರಂಗಪಂಚಮಿಯವರೆಗೆ ಕಾಯುತ್ತಾರೆ.

ಫೆಬ್ರುವರಿ 14ರ ಪ್ರೇಮಿಗಳ ದಿನ ಈ ಸೀಮೆಗೆ ಬಂದದ್ದು 1990ರ ದಶಕದ ನಂತರ, ಉಪಗ್ರಹ ಟಿವಿ ವಾಹಿನಿಗಳು ಮತ್ತು ಶುಭಾಶಯ ಪತ್ರಗಳ ಬೆನ್ನಿಗೆ. ಕ್ರೈಸ್ತ ಹುತಾತ್ಮನ ಹೆಸರಿನ ಆ ದಿನಕ್ಕೆ ಪ್ರಣಯದ ನಂಟು ಕಾಣಿಸುವುದು ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನಲ್ಲಿ, ಹಕ್ಕಿಗಳು ಜೋಡಿ ಆರಿಸಿಕೊಳ್ಳುವ ದಿನವೆಂಬ ಕಲ್ಪನೆಯಾಗಿ. ಅಗ್ಗದ ಅಂಚೆ ಮತ್ತು ಅಚ್ಚಿನ ಕಾರ್ಡುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ವ್ಯಾಪಾರವಾಗಿಸಿದವು. ಕರ್ನಾಟಕದಲ್ಲಿ ಅದಕ್ಕೆ ವಿರೋಧ ತೀವ್ರವಾದದ್ದು 2009ರಲ್ಲಿ. ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರ ಮೇಲೆ ಶ್ರೀರಾಮ ಸೇನೆಯವರ ಹಲ್ಲೆ ನಡೆಯಿತು, ಪ್ರೇಮಿಗಳ ದಿನವನ್ನೂ ತಡೆಯುವುದಾಗಿ ಸಂಘಟನೆ ಸಾರಿತು, ಅದಕ್ಕೆ ಪ್ರತಿಯಾಗಿ ದೇಶದಾದ್ಯಂತ ಮಹಿಳೆಯರ ವ್ಯಂಗ್ಯದ ಅಭಿಯಾನ ಎದ್ದಿತು. ಪರದೇಶದ ಆಚಾರವೆಂಬ ಆಕ್ಷೇಪ ಎತ್ತುವವರು ಕಾಮನ ಹಬ್ಬದ ಹಳೆಯ ಹಾಡುಗಳನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ ಹೇಳುವುದು ಕಷ್ಟ.

ಎರಡು ಹಬ್ಬಗಳು ಒಂದನ್ನೊಂದು ತಳ್ಳಿಲ್ಲ, ಏಕೆಂದರೆ ಅವು ಮುಟ್ಟುವುದು ಬೇರೆ ಬೇರೆ ಜಾಗಗಳನ್ನು. ಕಾಮನ ಹುಣ್ಣಿಮೆ ಓಣಿಯದು, ಊರಿನದು. ಅದರಲ್ಲಿ ಇಬ್ಬರೇ ಇರುವುದಕ್ಕೆ ಎಡೆಯಿಲ್ಲ. ಆ ಎಡೆಯನ್ನು ಫೆಬ್ರುವರಿಯ ದಿನ ಕಾಲೇಜಿನವರಿಗೆ ಒಂದಿಷ್ಟು ಒದಗಿಸಿದೆ. ಇನ್ನೊಂದಿಷ್ಟನ್ನು ಮದುವೆಗೆ ಮುಂಚಿನ ಫೋಟೊ ತೆಗೆಸುವ ಹೊಸ ಪದ್ಧತಿ ಒದಗಿಸುತ್ತಿದೆ. ನಿಶ್ಚಿತಾರ್ಥವಾದ ಜೋಡಿಗಳು ಬಾದಾಮಿಯ ಅಗಸ್ತ್ಯತೀರ್ಥದ ಸುತ್ತ, ಕೆಂಪು ಬಂಡೆಗಳ ನಡುವೆ ನಿಲ್ಲುತ್ತಾರೆ. ವಧು ಹಲವು ಸಲ ಉಡುವುದು ಜೋಳದ ತೆನೆ, ಕೋಟೆಯ ತೆನೆಗಳ ವಿನ್ಯಾಸ ನೇಯ್ದ ಕೆಂಪು ಸೆರಗಿನ ಇಳಕಲ್ ಸೀರೆಯನ್ನು. ಸಂರಕ್ಷಿತ ಸ್ಮಾರಕಗಳ ಒಳಗೆ ಇಂಥ ಚಿತ್ರೀಕರಣಕ್ಕೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು.